ನಿಮಗಿದು ಗೊತ್ತೇ? ಶಾಲು ಹೊದ್ದರೂ ಬಾಯಿ ಕಟ್ಟಿಸಿಕೊಳ್ಳದವರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದರೆ ಹೊರಗಿನವರಿಗೆ ಸಿಮೆಂಟು, ಫರಸಿ ಕಲ್ಲು, ತೊಗರಿ ಮತ್ತು ಬಿಸಿಲು ಇಷ್ಟೇ ನೆನಪಾಗುತ್ತವೆ. ಆಳುವವರ ಎದುರು ದನಿಯೆತ್ತಿದ ಬರಹಗಾರರು ಪಡೆದ, ಬೇಡವೆಂದ, ಮರಳಿಸಿದ ಪ್ರಶಸ್ತಿಗಳ ಕತೆಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕೆಲವು ಇಲ್ಲಿಯವೇ. ಕೆಲವು ಹೊರಗಿನವು, ಆದರೆ ಅವುಗಳ ಬೇರು ಇಲ್ಲಿದೆ.

■ ಪದ್ಮಶ್ರೀ ಬಂದ ಹನ್ನೆರಡು ವರ್ಷಗಳ ಮೇಲೆ ಅದನ್ನು ವಾಪಸು ಕೊಡುತ್ತೇನೆ ಎಂದ ಲೇಖಕರೊಬ್ಬರು ಚಿಂಚೋಳಿಯಲ್ಲಿ ಹುಟ್ಟಿದವರು. ಉರ್ದುವಿನ ಹೆಸರಾಂತ ಹಾಸ್ಯ ಬರಹಗಾರ ಮುಜ್ತಬಾ ಹುಸೇನ್. ಹುಟ್ಟಿದ್ದು 1936ರಲ್ಲಿ. ಇಂಟರ್‌ಮೀಡಿಯೆಟ್ ಓದಿದ್ದು ಕಲಬುರಗಿಯಲ್ಲಿ, ಪದವಿ ಉಸ್ಮಾನಿಯಾದಲ್ಲಿ, ನೌಕರಿ ಹೈದರಾಬಾದಿನ ‘ಸಿಯಾಸತ್’ ಪತ್ರಿಕೆಯಲ್ಲಿ. 1962ರಲ್ಲಿ ಆ ಪತ್ರಿಕೆಯ ಹಾಸ್ಯ ಅಂಕಣಕಾರ ಶಾಹಿದ್ ಸಿದ್ದೀಕಿ ತೀರಿಕೊಂಡಾಗ ಅಂಕಣದ ಹೊಣೆ ಈ ಹುಡುಗನ ಹೆಗಲಿಗೆ ಬಿತ್ತು. ಅಲ್ಲಿಂದ ಮುಂದೆ ನಗಿಸುವುದೇ ಕಸುಬಾಯಿತು. ಉರ್ದುವಿನ ಏಳಿಗೆಗಾಗಿ ನೇಮಕವಾದ ಗುಜ್ರಾಲ್ ಸಮಿತಿಯ ಕೆಲಸಕ್ಕೆಂದು 1972ರಲ್ಲಿ ದಿಲ್ಲಿಗೆ ಹೋದರು. ಆಮೇಲೆ ಎನ್‌ಸಿಇಆರ್‌ಟಿ ಸೇರಿ ಅಲ್ಲಿಂದಲೇ ನಿವೃತ್ತರಾದರು. ಪದ್ಮಶ್ರೀ ಬಂದದ್ದು 2007ರಲ್ಲಿ.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶದ ಬೀದಿಗಳಲ್ಲಿ ಜನ ಸೇರುತ್ತಿದ್ದಾಗ, 83ರ ಈ ಮುದುಕ ಪತ್ರಕರ್ತರನ್ನು ಮನೆಗೆ ಕರೆಸಿ, ಪ್ರಜಾಪ್ರಭುತ್ವಕ್ಕೆ ಒದಗಿದ ಗತಿ ನೋಡಲಾಗದೆ ಪದಕ ಮರಳಿಸುತ್ತಿದ್ದೇನೆ ಎಂದರು. ಮರುವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು. ಜೀವನವಿಡೀ ಗೆಳೆಯರ ಮೇಲೆ, ತಮ್ಮ ಮೇಲೆ, ಹೆಂಡತಿಯ ಮೇಲೆ ಜೋಕು ಕಟ್ಟಿಕೊಂಡು ಬಂದ ಮನುಷ್ಯ ಕೊನೆಗಾಲದಲ್ಲಿ ಹೀಗೆ ಗಂಭೀರವಾಗಿ ಮಾತಾಡಿದ್ದೇ ಹೈದರಾಬಾದಿನಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಕಡೆ ಎಷ್ಟು ಜನ ಓದಿದರೋ.

■ ಇದೇ ಮನೆಯ ಹಿರಿಯ ಅಣ್ಣ ಮಹಬೂಬ್ ಹುಸೇನ್ ಜಿಗರ್ ‘ಸಿಯಾಸತ್’ ಪತ್ರಿಕೆಯನ್ನು ಕಟ್ಟಿದವರಲ್ಲಿ ಒಬ್ಬರು. ಇನ್ನೊಬ್ಬ ಅಣ್ಣ ಇಬ್ರಾಹಿಂ ಜಲೀಸ್ ಪ್ರಗತಿಶೀಲ ಪಂಥದ ಕತೆಗಾರ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಅವರು ಪಾಕಿಸ್ತಾನಕ್ಕೆ ಹೋದರು. ಅಲ್ಲೂ ಸುಮ್ಮನಿರಲಿಲ್ಲ, ಜೈಲು ಕಂಡರು, ಜೈಲಿನ ಹಗಲು ರಾತ್ರಿಗಳ ಮೇಲೆ ಪುಸ್ತಕ ಬರೆದರು. ಭುಟ್ಟೋ ಪಕ್ಷದ ಪತ್ರಿಕೆ ‘ಮುಸಾವಾತ್’ನ ಸಂಪಾದಕರಾಗಿದ್ದಾಗ ಜನರಲ್ ಜಿಯಾ ಅಧಿಕಾರ ಕಸಿದುಕೊಂಡರು. ರಾತ್ರಿ ಬೆಳಗಾಗುವುದರೊಳಗೆ ಆಳುವ ಪಕ್ಷದ ಪತ್ರಿಕೆ ವಿರೋಧಿಗಳ ಪತ್ರಿಕೆಯಾಗಿಬಿಟ್ಟಿತು. ಜಲೀಸ್ 1977ರ ಅಕ್ಟೋಬರಿನಲ್ಲಿ ಮಿದುಳಿನ ರಕ್ತಸ್ರಾವದಿಂದ ಸತ್ತರು. ಪಾಕಿಸ್ತಾನ ಸರ್ಕಾರ ಅವರಿಗೆ ಪದಕ ಕೊಟ್ಟದ್ದು ಸತ್ತ ಎಷ್ಟೋ ವರ್ಷಗಳ ಮೇಲೆ, ಜಿಯಾ ಕೂಡ ಸತ್ತ ನಂತರ.

■ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ಗುಡಿಗೆ ನೀವು ಹೋಗಿರಬಹುದು. ಅದೇ ಆವರಣದ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲು ಹೊರಬಂತು. ನೋಡಿದರೆ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ. ವಿಗ್ರಹ ಕೂರಿಸಲು ಯಾವ ಕಾಲದವರೋ ಕಲ್ಲಿನ ನಟ್ಟನಡುವೆ ಚೌಕಾಕಾರದ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಯಿತು. ಉಳಿದದ್ದರಲ್ಲಿ ಅಶೋಕನ ಹನ್ನೆರಡನೆಯ ಬಂಡೆಶಾಸನವಿದೆ. ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬೇಡಿ, ನಾಲಗೆ ಹಿಡಿತದಲ್ಲಿರಲಿ, ಪರರ ಮಾತಿಗೂ ಕಿವಿಗೊಡಿ ಎಂಬುದು ಅದರ ಸಾರ.

■ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ‘ಕವಿರಾಜಮಾರ್ಗ’ ಹುಟ್ಟಿದ ಊರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಮಾತನ್ನು ವೇದಿಕೆ ಭಾಷಣಗಳಲ್ಲಿ ಎಲ್ಲರೂ ಎತ್ತುತ್ತಾರೆ. ಆದರೆ ಆ ಗ್ರಂಥದಲ್ಲಿ ಇನ್ನೊಂದು ಪದ್ಯವಿದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ತಾಳಿಕೊಳ್ಳುವ ಶಕ್ತಿಯೇ ನಿಜವಾದ ಸಂಪತ್ತು ಎನ್ನುತ್ತದೆ. ಭಾಷಣಕಾರರು ಇಲ್ಲಿಗೆ ಬರುವಷ್ಟರಲ್ಲಿ ಹೊತ್ತಾಗಿರುತ್ತದೆಯೋ ಏನೋ. ಒಂದು ತಾಲ್ಲೂಕಿನಲ್ಲಿ ಮೌರ್ಯ ಚಕ್ರವರ್ತಿ, ಪಕ್ಕದ ತಾಲ್ಲೂಕಿನಲ್ಲಿ ಸಾವಿರ ವರ್ಷಗಳ ನಂತರ ರಾಷ್ಟ್ರಕೂಟ ಆಸ್ಥಾನ. ಇಬ್ಬರೂ ಒಂದೇ ಮಾತು ಹೇಳಿದ್ದಾರೆ.

■ ಕನ್ನಡ ಕವಿಗೆ ಸಿಕ್ಕ ಅತಿ ಹಳೆಯ ದೊಡ್ಡ ಬಿರುದುಗಳಲ್ಲಿ ಒಂದು ಪೊನ್ನನ ‘ಉಭಯಕವಿ ಚಕ್ರವರ್ತಿ’. ಕೊಟ್ಟವನು ಮಳಖೇಡದ ಮೂರನೆಯ ಕೃಷ್ಣ.

■ ಅದೇ ಕಾಲದಲ್ಲಿ ಅದೇ ಮಳಖೇಡಕ್ಕೆ ಇನ್ನೊಬ್ಬ ಕವಿ ನಡೆದು ಬಂದ. ಅಪಭ್ರಂಶ ಭಾಷೆಯ ಪುಷ್ಪದಂತ. ‘ಅಭಿಮಾನಮೇರು’ ಎಂದು ಕರೆಸಿಕೊಂಡವನು. ಬೇರೊಂದು ಆಸ್ಥಾನದ ಸಹವಾಸ ಸಾಕಾಗಿ ಬಂದಿದ್ದ. ದೊರೆಗಳ ಹುಬ್ಬುಗಂಟು ನೋಡುತ್ತಾ ಬದುಕುವುದಕ್ಕಿಂತ ಕಾಡಿನಲ್ಲಿ ಸಾಯುವುದು ಮೇಲು ಎಂಬ ಧಾಟಿಯಲ್ಲಿ ರಾಜರ ಮೇಲಿನ ಸಿಟ್ಟನ್ನು ಕಾವ್ಯದೊಳಗೇ ತೋಡಿಕೊಂಡಿದ್ದಾನೆ. ಮಂತ್ರಿ ಭರತ ಅವನನ್ನು ಉಪಚರಿಸಿ, ಮನೆಯಲ್ಲಿಟ್ಟುಕೊಂಡು ‘ಮಹಾಪುರಾಣ’ ಬರೆಸಿದ. ಅದು ಮುಗಿದದ್ದು 965ರಲ್ಲಿ. ಏಳು ವರ್ಷದಲ್ಲಿ ಪರಮಾರರ ಸೀಯಕ ಮಳಖೇಡವನ್ನು ಲೂಟಿ ಮಾಡಿದ. ಇನ್ನು ತಾನೆಲ್ಲಿಗೆ ಹೋಗಲಿ ಎಂದು ಕವಿ ಮರುಗಿದ. ರಾಜರ ಮುಖ ಬೇಡವೆಂದವನಿಗೂ ರಾಜಧಾನಿ ಬೇಕಿತ್ತು.

■ ಮಳಖೇಡದ ದೊರೆ ನೃಪತುಂಗನ ಹೆಸರಿನಲ್ಲಿ ಬೆಂಗಳೂರಿನಲ್ಲಿ ಒಂದು ಪ್ರಶಸ್ತಿ ಇದೆ. ಬಿಎಂಟಿಸಿಯ ದತ್ತಿಯಿಂದ ಕನ್ನಡ ಸಾಹಿತ್ಯ ಪರಿಷತ್ತು ಕೊಡುವಂಥದ್ದು. 2010ರಲ್ಲಿ ಅದು ದೇವನೂರ ಮಹಾದೇವರಿಗೆ ಘೋಷಣೆಯಾಯಿತು. ಮೊತ್ತ ಐದು ಲಕ್ಷದ ಮೇಲೆ. ಅವರು ಒಲ್ಲೆ ಎಂದರು. ಕನ್ನಡ ಶಿಕ್ಷಣ ಮಾಧ್ಯಮವಾಗದೆ ಕನ್ನಡದ ಹೆಸರಿನ ಈ ಗೌರವ ತೆಗೆದುಕೊಳ್ಳಲು ಮನಸ್ಸು ಬರುತ್ತಿಲ್ಲ ಎಂಬುದು ಕಾರಣ.

ದೇವನೂರರ ವಿಚಾರ ಇಲ್ಲಿಗೇ ಮುಗಿಯುವುದಿಲ್ಲ. ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ. 2015ರಲ್ಲಿ ಎರಡನ್ನೂ ಮರಳಿಸಿದರು. ರಾಜ್ಯಸಭೆಯ ನಾಮಕರಣವನ್ನು ಅದಕ್ಕೂ ಮೊದಲೇ ಬೇಡವೆಂದಿದ್ದರು. ರಾಜಕೀಯದ ಮೈಲಿಗೆ ಬೇಡ ಎಂದು ದೂರ ನಿಂತ ಜೀವವೂ ಅಲ್ಲ. ದಲಿತ, ರೈತ ಚಳವಳಿಗಳು ಸೇರಿ ಕಟ್ಟಿದ ಸರ್ವೋದಯ ಕರ್ನಾಟಕ ಪಕ್ಷದ ಮುಂದಾಳು. 2022ರಲ್ಲಿ ಅವರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಎಂಬ ಕಿರುಪುಸ್ತಕವನ್ನು ಒಬ್ಬ ಪ್ರಕಾಶಕರಲ್ಲ, ಹಲವರು ಬೇರೆ ಬೇರೆ ಊರುಗಳಿಂದ ಒಟ್ಟಿಗೇ ಅಚ್ಚುಹಾಕಿದರು. ಕಿಸೆಯಲ್ಲಿ ಹಿಡಿಸುವ ಆ ಪುಸ್ತಕ ಲಕ್ಷ ಪ್ರತಿ ದಾಟಿತು. ಇಷ್ಟು ಕಡಿಮೆ ಬರೆದು ಇಷ್ಟು ಓದಿಸಿಕೊಂಡ ಕನ್ನಡ ಲೇಖಕ ಇನ್ನೊಬ್ಬರಿದ್ದಾರೆಯೇ? ನನಗಂತೂ ನೆನಪಾಗುತ್ತಿಲ್ಲ.

■ ಎಂ.ಎಂ. ಕಲಬುರ್ಗಿಯವರ ಹೆಸರಿನಲ್ಲಿ ‘ಕಲಬುರ್ಗಿ’ ಇದ್ದರೂ ಅವರು ನಮ್ಮ ಜಿಲ್ಲೆಯವರಲ್ಲ, ಆಗಿನ ಬಿಜಾಪುರ ಜಿಲ್ಲೆಯವರು. ಆದರೆ ಅವರು ಡಾಕ್ಟರೇಟ್ ಪಡೆದ ವಿಷಯ ಮಳಖೇಡದ್ದೇ: ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2006ರಲ್ಲಿ, ‘ಮಾರ್ಗ’ ಸಂಪುಟಗಳ ನಾಲ್ಕನೆಯದಕ್ಕೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಪ್ರಶಸ್ತಿ ವಾಪಸಿಯ ಅಲೆ ಎದ್ದದ್ದು ಈ ಕೊಲೆಯಿಂದ. ಅಕಾಡೆಮಿ ತನ್ನದೇ ಪುರಸ್ಕೃತರ ಸಾವಿಗೆ ತಕ್ಷಣ ಬಾಯಿ ಬಿಡಲಿಲ್ಲ ಎಂಬುದು ಮರಳಿಸಿದವರ ಮುಖ್ಯ ದೂರಾಗಿತ್ತು. ಖಂಡನಾ ನಿರ್ಣಯ ಬಂದದ್ದು ಅಕ್ಟೋಬರ್ 23ಕ್ಕೆ.

■ ‘ಚಂಪಾ’ ಎಂದೇ ಹೆಸರಾದ ಕವಿ ಚಂದ್ರಶೇಖರ ಪಾಟೀಲರು ಪಂಪ ಪ್ರಶಸ್ತಿ ಮರಳಿಸಿದ್ದು ಆ ವರ್ಷವೇ. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿಬಂದ ಚಂಪಾ ಅವರಿಗೆ ಇದೇನು ಹೊಸದಲ್ಲ. 2017ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅಧ್ಯಕ್ಷ ಭಾಷಣದಲ್ಲೇ ಮತದಾರರಿಗೆ ರಾಜಕೀಯದ ಮಾತು ಹೇಳಿ ಇನ್ನೊಂದು ಗದ್ದಲ ಎಬ್ಬಿಸಿದರು.

■ ಬಾಬಾಸಾಹೇಬರು ಹೋದ ಮರುದಿನವೇ ಬದುಕು ಮತ್ತೆ ಮೊದಲಿನಂತೆಯೇ ಆಯಿತು ಎಂದು ದುಃಖಿಸುವ ಆ ಹಾಡನ್ನು ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಂದು ಕೇಳದ ಕೇರಿ ಕರ್ನಾಟಕದಲ್ಲಿಲ್ಲ. ಹಾಡುವವರಲ್ಲೇ ಹಲವರು ಅದನ್ನು ಜನಪದ ಗೀತೆ ಎಂದುಕೊಂಡಿದ್ದಾರೆ. ಅಲ್ಲ. ಅದಕ್ಕೊಬ್ಬ ಕವಿ ಇದ್ದಾರೆ, ಚೆನ್ನಣ್ಣ ವಾಲೀಕಾರ. ಊರು ಶಂಕರವಾಡಿ, ಆಗ ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಹುಟ್ಟಿದ್ದು 1943ರಲ್ಲಿ.

ವಾಲೀಕಾರರು ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಪಾಠ ಮಾಡುವ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು ಎಂಬ ಭೇದ ಅವರಲ್ಲಿರಲಿಲ್ಲ. ‘ಮರದ ಮ್ಯಾಲಿನ ಗಾಳಿ’, ‘ಕರಿತೆಲಿ ಮಾನವನ ಜೀಪದ’ ಎಂಬ ಹೆಸರುಗಳನ್ನೇ ನೋಡಿ. ಕಲಬುರಗಿಯ ಹೊಲಗೇರಿಯಲ್ಲಿ ಆಡುವ ಮಾತು ಮುಖಪುಟಕ್ಕೇ ಬಂದು ಕೂತಿದೆ. ‘ಟೊಂಕದ ಕೆಳಗಿನ ಜನ’ ನಾಟಕ. ‘ವ್ಯೋಮಾವ್ಯೋಮ’ ಮಹಾಕಾವ್ಯ. ಹೋರಾಟದ ಕವಿಗೆ ಮಹಾಕಾವ್ಯವೇಕೆ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಹಾಕಾವ್ಯ ಬರೆಯುವ ಹಕ್ಕು ಯಾರಿಗಿದೆ ಎಂಬುದೇ ಜಗಳವಾಗಿದ್ದಾಗ ಬರೆದು ತೋರಿಸುವುದೂ ಬಂಡಾಯವೇ ಅಲ್ಲವೇ? ರಾಜ್ಯದ ಸಾಹಿತ್ಯ ಅಕಾಡೆಮಿ ಅವರನ್ನು ಗೌರವಿಸಿತು. 2019ರಲ್ಲಿ ತೀರಿಕೊಂಡರು. ಬೆಂಗಳೂರಿನ ವಿಮರ್ಶಕರ ಪಟ್ಟಿಗಳಲ್ಲಿ ಅವರ ಹೆಸರು ಕೊನೆಗೆ, ‘ಮುಂತಾದವರು’ ಎಂಬುದಕ್ಕೆ ತುಸು ಮೊದಲು ಬರುತ್ತದೆ. ಹಾಡಿಗೆ ಸಿಕ್ಕ ಮನ್ನಣೆಯ ಕಾಲು ಭಾಗವೂ ಹಾಡು ಕಟ್ಟಿದವರಿಗೆ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ.

■ ವಾಲೀಕಾರರಂಥವರನ್ನು ಒಟ್ಟುಗೂಡಿಸಿದ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಒಂದು ನಿರಾಕರಣೆಯಿಂದ. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿ ಇಡಿ ಎಂದು ಕೇಳಿದರೆ, ಸಾಹಿತ್ಯವನ್ನು ಹಾಗೆ ಒಡೆಯಲಾಗದು ಎಂಬ ಉತ್ತರ ಬಂತು. ಬೇಡವೆನಿಸಿಕೊಂಡವರು ಬೆಂಗಳೂರಿನಲ್ಲಿ ಬೇರೆಯೇ ಸಮ್ಮೇಳನ ನಡೆಸಿದರು. ತಮಾಷೆಯೆಂದರೆ, ಧರ್ಮಸ್ಥಳದಲ್ಲಿ ಅಧ್ಯಕ್ಷರಾಗಿ ಕೂತಿದ್ದ ಗೋಪಾಲಕೃಷ್ಣ ಅಡಿಗರೂ ವಿರೋಧಪಕ್ಷದ ಮನುಷ್ಯರೇ. 1971ರಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಲೋಕಸಭೆಗೆ ನಿಂತು ಸೋತಿದ್ದರು. 1974ರಲ್ಲಿ ‘ವರ್ಧಮಾನ’ಕ್ಕೆ ಅಕಾಡೆಮಿ ಪ್ರಶಸ್ತಿ ಬಂತು, ಮರುವರ್ಷವೇ ತುರ್ತು ಪರಿಸ್ಥಿತಿಯ ವಿರುದ್ಧ ಪದ್ಯ ಬರೆದರು. ದಿಲ್ಲಿಯ ಎದುರು ಬಂಡೆದ್ದ ಕವಿಯ ಎದುರೇ ಊರಿನ ಹುಡುಗರು ಬಂಡೆದ್ದರು.

■ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಲು ಶುರುವಾದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಅದೇ ದಾರಿಯ ನಿಲ್ದಾಣಗಳು. 1956ರ ನವೆಂಬರ್ 1ರವರೆಗೆ ಆರಂಭದಲ್ಲಿ ಹೆಸರಿಸಿದ ಐದೂ ಊರು ಮೊದಲು ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ ಹೈದರಾಬಾದ್ ರಾಜ್ಯದಲ್ಲಿ ಇದ್ದವು. ಹಾಗಾಗಿ ಮಖ್ದೂಮ್ ಮೊಹಿಯುದ್ದೀನ್ ನಮಗೆ ಪರಕೀಯರೇನಲ್ಲ. ಉರ್ದುವಿನ ಈ ಪ್ರೇಮಕವಿ ಕಮ್ಯುನಿಸ್ಟ್ ನಾಯಕ, ಕಾರ್ಮಿಕ ಸಂಘಗಳ ಮುಖಂಡ, ನಿಜಾಮನ ಪೊಲೀಸರಿಗೆ ಬೇಕಾಗಿದ್ದ ಆಸಾಮಿ. ಹೈದರಾಬಾದ್ ರಾಜ್ಯದ ವಿಧಾನಸಭೆಗೆ ಹುಜೂರ್‌ನಗರದಿಂದ ಉಪಚುನಾವಣೆಯಲ್ಲಿ ಗೆದ್ದರು. ಮುಂದೆ ಸಾಯುವವರೆಗೆ ಆಂಧ್ರ ವಿಧಾನ ಪರಿಷತ್ತಿನಲ್ಲಿ ತಮ್ಮ ಪಕ್ಷದ ನಾಯಕ. 1969ರ ಆಗಸ್ಟಿನಲ್ಲಿ ತೀರಿಕೊಂಡರು. ಆ ವರ್ಷದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರ ‘ಬಿಸಾತ್-ಎ-ರಕ್ಸ್’ಗೆ. ‘ಗಮನ್’, ‘ಬಾಜಾರ್’ ಸಿನಿಮಾಗಳಲ್ಲಿ ಅವರ ಗಜಲ್ ಕೇಳಿ ತಲೆದೂಗಿದವರಿಗೆ ಬರೆದವರು ಸದನದಲ್ಲಿ ಕೂಲಿಕಾರರ ಪರ ಗುಡುಗುತ್ತಿದ್ದವರು ಎಂಬುದು ಗೊತ್ತಿರುವುದು ಕಡಿಮೆ.

■ ಶಹಾಬಾದ್ ಸಿಮೆಂಟ್ ಕಂಪನಿ, 1936ರಲ್ಲಿ ಸೇರಿ ಎಸಿಸಿ ಆದ ಹತ್ತು ಕಂಪನಿಗಳಲ್ಲಿ ಒಂದು. ಇಷ್ಟು ಹಳೆಯ ಕಾರ್ಮಿಕರ ಊರಿನ ಮೇಲೆ ಕನ್ನಡದಲ್ಲಿ ಒಂದು ದೊಡ್ಡ ಕಾದಂಬರಿ ಇನ್ನೂ ಬರಬೇಕು. ಬರೆಯುವವರಿಗೆ ಸರಕಿನ ಬರವಿಲ್ಲ.

■ ಗಿರಣಿ ಕಾರ್ಮಿಕನ ಮಗಳು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಮಾತ್ರ ಇದೇ ಜಿಲ್ಲೆಯಲ್ಲಿ. ಕಲಬುರಗಿಯ ಹತ್ತಿರದ ಸಾವಳಗಿಯ ಗೀತಾ ನಾಗಭೂಷಣ. ‘ಬದುಕು’ ಕಾದಂಬರಿಗೆ 2004ರಲ್ಲಿ ಬಂತು. ಕನ್ನಡದ ಮಹಿಳೆಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅಕಾಡೆಮಿ ಪ್ರಶಸ್ತಿ ಕೊಡಲು ಶುರುಮಾಡಿ ಐವತ್ತು ವರ್ಷ ಆಗಿತ್ತು! 2010ರ ಗದಗ ಸಮ್ಮೇಳನದ ಅಧ್ಯಕ್ಷತೆಯೂ ಅವರದೇ.

■ ಇನ್ನು ಈ ಸೀಮೆಯಾಚೆಯ ಕೆಲವು ಒಂದೇ ಉಸಿರಿಗೆ.

ತಮಿಳು ರಾಮಾಯಣಕ್ಕೆ 1958ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ರಾಜಾಜಿ, ಮರುವರ್ಷವೇ ನೆಹರೂ ನೀತಿಗಳ ವಿರುದ್ಧ ಸ್ವತಂತ್ರ ಪಕ್ಷ ಕಟ್ಟಿದರು. ಉದಾರವಾದಿ ವಿರೋಧಪಕ್ಷ ಎಂದರೆ ಈ ದೇಶದಲ್ಲಿ ಮೊದಲು ನೆನಪಾಗುವುದು ಅದೇ. ಆಗ ಅವರಿಗೆ 80.

ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಮರಳಿಸಿದರು. ಎರಡೇ ವರ್ಷಕ್ಕೆ, 1977ರ ಸಾಲಿನ ಜ್ಞಾನಪೀಠ ಬಂತು. 1989ರಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು.

ಪಿ. ಲಂಕೇಶರು ಪತ್ರಿಕೆಯಲ್ಲಿ ಬರೆದು ಮಂತ್ರಿಗಳ ನಿದ್ದೆ ಕೆಡಿಸಿದ್ದು ಸಾಲದೆಂದು ಪ್ರಗತಿರಂಗ ಎಂಬ ಪಕ್ಷವನ್ನೂ ಕಟ್ಟಿದರು. ಪಕ್ಷ ನಿಲ್ಲಲಿಲ್ಲ. ‘ಕಲ್ಲು ಕರಗುವ ಸಮಯ’ ಕತೆಗಳಿಗೆ 1993ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು.

ಯು.ಆರ್. ಅನಂತಮೂರ್ತಿ ಜ್ಞಾನಪೀಠ ಪಡೆದದ್ದು 1994ರಲ್ಲಿ. 2006ರಲ್ಲಿ ರಾಜ್ಯಸಭೆಗೆ ನಿಂತಾಗ ನಮ್ಮ ಶಾಸಕರು ಅವರನ್ನು ಸೋಲಿಸಿದರು.

ಸೋತವರ ಸಾಲಿನಲ್ಲಿ ಪೆರು ದೇಶದ ಮಾರಿಯೊ ವರ್ಗಾಸ್ ಯೋಸಾ ಕೂಡ ಇದ್ದಾರೆ. ಉದಾರವಾದಿಗಳ ಹುರಿಯಾಳಾಗಿ 1990ರ ಅಧ್ಯಕ್ಷ ಚುನಾವಣೆಯಲ್ಲಿ ಫುಜಿಮೋರಿಯ ಎದುರು ಸೋತರು. ನೊಬೆಲ್ ಬಂದದ್ದು ಇಪ್ಪತ್ತು ವರ್ಷದ ಮೇಲೆ. ಗೆದ್ದ ಫುಜಿಮೋರಿ ಅಷ್ಟರಲ್ಲಿ ಜೈಲಿನಲ್ಲಿದ್ದ. ಬರಹಗಾರರಿಗೆ ಮತಪೆಟ್ಟಿಗೆ ಒಲಿಯುವುದಿಲ್ಲ ಎಂಬ ಮಾತಿಗೆ ಮಖ್ದೂಮರಂಥ ಒಂದೆರಡು ಅಪವಾದ ಬಿಟ್ಟರೆ ಸಾಕ್ಷಿಗಳು ಧಾರಾಳ.

■ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಗೆ ನಾಲ್ಕು ಸಲ ಬಂದಿದೆ: 1928, 1949, 1987, 2020. ಮೊದಲನೆಯದು ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯದು, ಸಭೆ ಸೇರುವುದಕ್ಕೇ ಸರ್ಕಾರದ ಅಪ್ಪಣೆ ಬೇಕಿದ್ದ ನಿಜಾಮನ ಕಾಲದ್ದು.

■ 2020ರ ಫೆಬ್ರವರಿಯಲ್ಲಿ ಕಲಬುರಗಿಯ ಸಮ್ಮೇಳನ ಅದ್ದೂರಿಯಾಗಿ ನಡೆಯುವ ಮುಂಚಿನ ತಿಂಗಳೇ ಶೃಂಗೇರಿಯಲ್ಲಿ ಇನ್ನೊಂದು ಸಮ್ಮೇಳನಕ್ಕೆ ಅಡ್ಡಗಾಲು ಬಿದ್ದಿತ್ತು. ಚಿಕ್ಕಮಗಳೂರು ಜಿಲ್ಲಾ ಸಮ್ಮೇಳನಕ್ಕೆ ‘ಮಂಗನ ಬ್ಯಾಟೆ’ಯ ಲೇಖಕ, ಕುದುರೆಮುಖ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ವಿರುದ್ಧ ಹೋರಾಡಿದ ಕಲ್ಕುಳಿ ವಿಠ್ಠಲ ಹೆಗ್ಡೆ ಅಧ್ಯಕ್ಷರು. ಆಗಿನ ಸಂಸ್ಕೃತಿ ಸಚಿವ ಸಿ.ಟಿ. ರವಿ ಈ ಆಯ್ಕೆಯನ್ನು ವಿರೋಧಿಸಿದರು, ಇಲಾಖೆಯ ಅನುದಾನ ಬರಲಿಲ್ಲ. ಪರಿಷತ್ತಿನ ಜಿಲ್ಲಾ ಘಟಕ ಜನರಿಂದ ಹಣ ಕೂಡಿಸಿ, ಪೊಲೀಸ್ ಕಾವಲಿನಲ್ಲಿ ಮೊದಲ ದಿನ ನಡೆಸಿತು. ಎರಡನೆಯ ದಿನ ರದ್ದಾಯಿತು.

■ ಪದ್ಮ ಪ್ರಶಸ್ತಿಯನ್ನು ಮರಳಿಸಲು ನಿಯಮಗಳಲ್ಲಿ ದಾರಿಯೇ ಇಲ್ಲ ಎಂಬುದು ನಿಮಗೆ ಗೊತ್ತೇ? ರಾಷ್ಟ್ರಪತಿಗಳು ರದ್ದುಪಡಿಸಬಹುದು, ಅಷ್ಟೇ. ಪಡೆದವರು ಬೇಡವೆಂದು ಪದಕ ಹಿಂದಕ್ಕೆ ಕಳಿಸಿದರೂ ಹೆಸರು ಸರ್ಕಾರಿ ಪಟ್ಟಿಯಲ್ಲಿ ಉಳಿದೇ ಇರುತ್ತದೆ. ಸಾಹಿತ್ಯ ಅಕಾಡೆಮಿಯೂ 2015ರಲ್ಲಿ ವಾಪಸು ಪಡೆಯುವ ಪದ್ಧತಿ ತನ್ನಲ್ಲಿಲ್ಲ ಎಂದಿತ್ತು, ಮರಳಿಸಿದವರು ಮತ್ತೆ ತೆಗೆದುಕೊಳ್ಳಲಿ ಎಂದು ಕೋರಿತ್ತು. 2023ರ ಜುಲೈನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಜಕೀಯ ಕಾರಣಕ್ಕೆ ಪ್ರಶಸ್ತಿ ಹಿಂದಿರುಗಿಸುವುದಿಲ್ಲವೆಂದು ಬರೆದುಕೊಟ್ಟವರಿಗೇ ಅಕಾಡೆಮಿಗಳು ಪ್ರಶಸ್ತಿ ಕೊಡಲಿ ಎಂದು ಶಿಫಾರಸು ಮಾಡಿತು. ಸಮಿತಿಯ ಸದಸ್ಯರೆಲ್ಲ ಇದಕ್ಕೆ ಒಪ್ಪಿರಲಿಲ್ಲ.